ಅಳಿಯನ ಬತೇರಿ

ಕೋಣನದುರ್ಗದ ಪಡುವಣ ಗೋಡೆಗೆ ಅಂಟಿಕೊಂಡು ಒಂದು ಹಳೆಯ ಬುರುಜಿದೆ. ಅರ್ಧ ಕುಸಿದಿದೆ, ಮೇಲೆ ಪಾಪಾಸುಕಳ್ಳಿ ಬೆಳೆದಿದೆ, ಮೇಕೆಗಳು ಹತ್ತಿ ಮಲಗುತ್ತವೆ. ಬೇರೆ ಬುರುಜುಗಳಿಗೆಲ್ಲ ದೇವರ ಹೆಸರು, ದೊರೆಯ ಹೆಸರು. ಇದೊಂದಕ್ಕೆ ಮಾತ್ರ ಅಳಿಯನ ಬತೇರಿ ಎನ್ನುತ್ತಾರೆ. ಯಾರ ಅಳಿಯ ಎಂದು ಕೇಳಿದರೆ ಕೆಳಗಿನ ಹಟ್ಟಿಯ ಗಂಡಸರು ಎಲೆಯಡಿಕೆ ಉಗಿಯಲು ಎದ್ದು ಹೋಗುತ್ತಾರೆ. ಹೆಂಗಸರು ಹೇಳುತ್ತಾರೆ.

ಹಿಂದೆ ಒಮ್ಮೆ, ಬೊಮ್ಮಲನಾಯಕ ದುರ್ಗ ಆಳುತ್ತಿದ್ದಾಗ, ಕಡಲಾಚೆಯಿಂದ ಮರ್ಜಾನ ಎಂಬ ಹಬಶಿ ಬಂದು ತೋಪು ಹಾರಿಸುವ ಕೆಲಸಕ್ಕೆ ಸೇರಿದ. ಬಾಗಿಲಿಗೆ ತಲೆ ತಾಗುವ ಎತ್ತರ, ಗುಂಗುರುಗೂದಲು. ಗಂಡ ಸತ್ತು ಮೂರು ವರ್ಷವಾಗಿದ್ದ ಹಟ್ಟಿಯ ಗಾದ್ರಮ್ಮ ದಿನಾ ಮಜ್ಜಿಗೆ ಮಾರಲು ಬತೇರಿ ಹತ್ತತೊಡಗಿದಳು. ಅಷ್ಟು ಮಜ್ಜಿಗೆ ಯಾವ ಗಂಡಸೂ ಕುಡಿಯಲಾರ ಎಂಬುದು ಹಟ್ಟಿಗೆಲ್ಲ ಗೊತ್ತಿತ್ತು. ಐದು ತಿಂಗಳು ತುಂಬಿದಾಗ ಅವಳೇ ಪಂಚಾಯಿತಿ ಕಟ್ಟೆಗೆ ಹೋಗಿ, ವಿಧವೆಗೆ ಸೀರೆ ಉಡಿಸಿ ಕೈಹಿಡಿಸುವ ಸೀರುಡಿಕೆ ಶಾಸ್ತ್ರ ಮಾಡಿಸಿಕೊಡಿ ಎಂದು ಕೇಳಿದಳು. ಇಲ್ಲದಿದ್ದರೆ ಮಗುವಿಗೆ ಕುಲವಿಲ್ಲ, ಅವಳಿಗೆ ಹಟ್ಟಿಯಿಲ್ಲ. ಯಜಮಾನ ಚಿನ್ನಪಾಲಯ್ಯ ಮೀಸೆ ತಿರುವಿ, “ಅವನ ಕುಲ ಯಾವುದೇ? ಅಜ್ಜನ ಹೆಸರೇನೇ? ಬೇರಿಲ್ಲದ ಮರಕ್ಕೆ ಬಳ್ಳಿ ಹಬ್ಬಿಸ್ತೀಯಾ?” ಎಂದ. “ಬೇರಿರೋ ಮರಗಳೂ ನನ್ನ ಬಾಗಿಲು ತಟ್ಟಿ ನೋಡಿದ್ದಾವೆ, ಮಾವ,” ಎಂದಳು ಗಾದ್ರಮ್ಮ. ಸೀರುಡಿಕೆಗೆ ಒಪ್ಪದೆಯೇ ಕಟ್ಟೆ ಎದ್ದುಹೋಯಿತು.

ಅದೇ ಬೇಸಿಗೆಯಲ್ಲಿ ಬಡಗಣ ದಂಡು ಬಂದು ಮುತ್ತಿತು. ಪಡುವಣ ಗೋಡೆ ಬಿರಿದಾಗ ಎಲ್ಲರೂ ಒಳಕೋಟೆಗೆ ಓಡಿದರು. ಮರ್ಜಾನ ಒಬ್ಬನೇ ತೋಪಿನ ಹತ್ತಿರ ನಿಂತ. ಮದ್ದು ಮುಗಿಯುವ ತನಕ ಹಾರಿಸಿದ, ಮುಗಿದ ಮೇಲೆ ಕತ್ತಿಗೆ ಸಿಕ್ಕಿ ಸತ್ತ. ಅಷ್ಟರಲ್ಲಿ ನಾಯಕನ ಪಡೆ ಹಿಂದಿನಿಂದ ಮೇಲೆ ಬಿದ್ದು ದಂಡನ್ನು ಓಡಿಸಿತು. ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುವುದು ಆಗಿನ ಪದ್ಧತಿ. ಕೆರೆ ಕೆಳಗಿನ ಎರಡು ಹೊಲ ಕೊಟ್ಟೆ, ಇವನಿಗೆ ದಿಕ್ಕು ಯಾರು ಎಂದು ನಾಯಕ ಕೇಳಿದ. ಕೆರೆ ಕೆಳಗಿನ ಮಣ್ಣು ಎಂದ ಕೂಡಲೇ ಚಿನ್ನಪಾಲಯ್ಯನ ಬಾಯಲ್ಲಿ ನೀರೂರಿತು. “ನಮ್ಮ ಹಟ್ಟಿ ಅಳಿಯ, ಬುದ್ಧಿ! ಭೂಮಿ ಹಟ್ಟಿಗೇ ಸೇರಬೇಕು,” ಎಂದುಬಿಟ್ಟ.

“ಅಳಿಯ ಅಂದಮೇಲೆ ಮಗಳು ಯಾರಯ್ಯಾ?” ಎಂದ ನಾಯಕ.

ಹೆಣದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಗಾದ್ರಮ್ಮ ಹೊಟ್ಟೆ ಹಿಡಿದು ಎದ್ದಳು. “ನಾನು, ಬುದ್ಧಿ. ಯಜಮಾನರೇ ಹತ್ತು ಜನರ ಮುಂದೆ ಒಪ್ಪಿದರು. ಇನ್ನು ಸೀರೆಯೊಂದು ಬಾಕಿ.”

ಆ ಸೀರೆ ಒಪ್ಪಿದವನ ಮನೆಯಿಂದಲೇ ಬರಲಿ ಎಂದು ಅಪ್ಪಣೆಯಾಯಿತು. ಚಿನ್ನಪಾಲಯ್ಯ ಹೆಂಡತಿಯ ಪೆಟ್ಟಿಗೆಯಿಂದ ತೆಗೆದು ತಂದ. ಅವಳು ಅವನನ್ನು ಎಷ್ಟು ದಿನ ಉಪವಾಸ ಕೆಡವಿದಳೋ ಲೆಕ್ಕವಿಲ್ಲ. ಹೆಣದ ಮುಂದೆ ನಡೆದ ಸೀರುಡಿಕೆ ಆ ಸೀಮೆಯಲ್ಲಿ ಅದೊಂದೇ.

ಈಗಲೂ ಬತೇರಿಯ ಬುಡದಲ್ಲಿ ವೀರಗಲ್ಲೊಂದು ಕಾಣುತ್ತದೆ. ತೋಪಿನ ಪಕ್ಕ ಒಬ್ಬ ಗಂಡಸು, ಅವನ ಪಕ್ಕ ತುಂಬುಬಸುರಿ. ನೋಡಲು ಬಂದವರು ಯಾವುದೋ ದೇವತೆಯೆಂದು ಕೈಮುಗಿಯುತ್ತಾರೆ. ಕೆರೆ ಕೆಳಗಿನ ಆ ಎರಡು ಹೊಲಗಳಲ್ಲಿ ಗುಂಗುರುಗೂದಲಿನವರು ಉಳುತ್ತಿರುತ್ತಾರೆ. ಅವರ ಮನೆಯಲ್ಲಿ ಮದುವೆಯಾದರೆ ಮೊದಲ ಸೀರೆ ಯಜಮಾನನ ವಂಶದವರೇ ತರಬೇಕು. ಮುಖ ಗಂಟಿಕ್ಕಿಕೊಂಡು ತರುತ್ತಾರೆ. ತರದೆ ಏನು ಮಾಡುತ್ತಾರೆ.