ಸುರಂಗದಲ್ಲಿ ಕಂಡ ಎಲೆಮೂಗಿನ ಬಾವಲಿ

ಮಹಾನಂದಾ ಬೀದರ ಸೀಮೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಬಾವಲಿಗಳ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಎಲೆಯಂಥ ಮೂಗಿನ ಒಂದು ಪುಟ್ಟ ಬಾವಲಿ, ಬಲು ಅಪರೂಪದ್ದು. ದೂರದ ತೆಂಕಣ ಗುಡ್ಡಗಳ ಗವಿಗಳನ್ನು ಬಿಟ್ಟರೆ ಬೇರೆಲ್ಲೂ ಅದನ್ನು ಕಂಡವರಿರಲಿಲ್ಲ. ನಮ್ಮ ಸೀಮೆಯ ಒಣ ಹವೆಯಲ್ಲಿ ಅದು ಬದುಕಲಾರದು ಎಂದು ಅವರು ತಮ್ಮ ಪುಸ್ತಕದಲ್ಲಿ ಬರೆದಿದ್ದರು. ಓದಿದವರೆಲ್ಲ ಹಾಗೆಯೇ ನಂಬಿದ್ದರು.

ಅವರ ಶಿಷ್ಯೆ ತಬಸ್ಸುಮ್, ಊರಾಚೆಯ ಹೊಲಗಳ ಕೆಳಗೆ ಹಾದುಹೋಗುವ ಹಳೆಯ ನೀರಿನ ಸುರಂಗದಲ್ಲಿ ಬಾವಲಿಗಳ ಅಧ್ಯಯನ ಮಾಡುತ್ತಿದ್ದಳು. ಒಂದು ಸಂಜೆ ಅದೇ ಬಾವಲಿ ಅವಳ ಬಲೆಗೆ ಬಿತ್ತು. ಅಳೆದು, ಫೋಟೊ ತೆಗೆದು, ಹಾರಲು ಬಿಟ್ಟಳು. ಆದರೆ ಗುರುಗಳಿಗೆ ಹೇಳಲು ಬಾಯಿ ಬರಲಿಲ್ಲ. ಕೆಲವು ದಿನ ಒಳಗೇ ಇಟ್ಟುಕೊಂಡಿದ್ದು, ಕೊನೆಗೆ ಅಳುಕುತ್ತಲೇ ಫೋಟೊ ಮುಂದಿಟ್ಟಳು. ದಾರಿ ತಪ್ಪಿ ಬಂದದ್ದಿರಬಹುದು, ಹಾಗೆಂದೇ ಬರೆಯೋಣ ಎಂದು ತಾನೇ ಸೇರಿಸಿದಳು.

ಮಹಾನಂದಾ ಅವರಿಗೆ ಆ ಮಾತು ಹಿತವೆನಿಸಿತು. ಹಾಗೆ ಬರೆದರೆ ಪುಸ್ತಕವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಕೇಳುವವರು ಯಾರು? ಹೂಂ ಎನ್ನಲು ಹೊರಟವರು ಫೋಟೊವನ್ನು ಇನ್ನೊಮ್ಮೆ ನೋಡಿದರು. ಜೀವಮಾನವಿಡೀ ಬಾವಲಿ ನೋಡಿದ ಕಣ್ಣು ಸುಮ್ಮನಿರಲು ಬಿಡಲಿಲ್ಲ. ಮೊದಲು ಹೋಗಿ ನೋಡಿ ಬರೋಣ ಎಂದರು.

ಮರುದಿನ ಮಧ್ಯಾಹ್ನ ಇಬ್ಬರೂ ಸುರಂಗಕ್ಕೆ ಇಳಿದರು. ಹೊರಗೆ ಬಿಸಿಲು ಸುಡುತ್ತಿತ್ತು. ಒಳಗೆ ಪಾದ ಮುಳುಗುವಷ್ಟು ನೀರು, ತಣ್ಣನೆಯ ತೇವದ ಗಾಳಿ. ಟಾರ್ಚಿನ ಮಂದ ಬೆಳಕಿನಲ್ಲಿ ನೋಡಿದರೆ ಮೇಲೆಲ್ಲ ಅವೇ ಬಾವಲಿಗಳು. ಒಂದರ ಎದೆಗೆ ಕೂದಲು ಮೂಡದ ಮರಿ ಕಚ್ಚಿಕೊಂಡಿತ್ತು. ದಾರಿ ತಪ್ಪಿ ಬಂದವು ಹೀಗೆ ಸಂಸಾರ ಹೂಡುವುದುಂಟೇ?

ಮಹಾನಂದಾ ಹತ್ತಿರ ಹೋಗಿ ತಲೆಯೆತ್ತಿ ನೋಡಿದರು. ಮೊದಲು ತಾವು ಬರೆದ ಸಾಲು ನೆನಪಾಗಿ ನೋವಾಯಿತು. ಆಮೇಲೆ ಆ ಮರಿಯನ್ನು ನೋಡುತ್ತ ನೋಡುತ್ತ ಮುಖ ಅರಳಿತು.

"ನಿಮ್ಮ ಪುಸ್ತಕದಾಗ ಬ್ಯಾರೆ ಅದರಿ ಮೇಡಂ," ಎಂದಳು ತಬಸ್ಸುಮ್ ಮೆಲ್ಲಗೆ.

"ಪುಸ್ತಕ ನಾ ಬರದದ್ದು. ಇವು ಇಲ್ಲೇ ಇದ್ದವು. ತಿದ್ದೂದು ಯಾವುದನ್ನ, ನೀನೇ ಹೇಳವ್ವ," ಎಂದರು ಮಹಾನಂದಾ.

ವರದಿಯಲ್ಲಿ ತಬಸ್ಸುಮಳ ಹೆಸರೇ ಮೊದಲು ಬಂತು. ತಾವು ಹಿಂದೆ ಬರೆದದ್ದು ತಪ್ಪು ಎಂದು ಮಹಾನಂದಾ ಅದರಲ್ಲೇ ನೇರವಾಗಿ ಹೇಳಿದರು. ಅವರ ಹೆಸರೇನೂ ಕೆಡಲಿಲ್ಲ. ಸ್ವಲ್ಪ ದಿನಕ್ಕೆ ಇನ್ನೊಬ್ಬ ಶಿಷ್ಯ ಬಾಗಿಲಲ್ಲಿ ನಿಂತು, ಪುಸ್ತಕಕ್ಕೆ ಹೊಂದದ ಸಂಗತಿಯೊಂದು ತನಗೂ ಕಂಡಿದೆ, ಹೇಳಬಹುದೇ ಎಂದು ಕೇಳಿದ. ಮಹಾನಂದಾ ಕುರ್ಚಿ ಎಳೆದು ಅವನನ್ನು ಕೂರಿಸಿಕೊಂಡರು.

ನೀತಿ: ಕಣ್ಣೆದುರಿನ ನಿಜಕ್ಕೆ ತಮ್ಮ ಮಾತನ್ನು ತಿದ್ದಿಕೊಳ್ಳುವವರೇ ಗುರು. ಅಂಥವರ ಮುಂದೆ ಶಿಷ್ಯರು ನಿಜ ಹೇಳಲು ಹೆದರುವುದಿಲ್ಲ.