ಬೀಗ ಬಿದ್ದ ಬಾಗಿಲು, ಸೊರಗಿದ ಮೂತ್ರಪಿಂಡ

ಕಾರ್ಖಾನೆಯವರು ಹೆಂಗಸರು ನೀರು ಕುಡಿಯದ ಹಾಗೆ ಮಾಡಿದರು. ಇದು ತಪ್ಪು. ಇದನ್ನು ಮೊದಲು ಹೇಳಿಬಿಡುತ್ತೇನೆ, ಕಥೆ ಆಮೇಲೆ.

ಒಂದು ಊರಿನ ಹೊರಗೆ ಬಟ್ಟೆ ಹೊಲಿಯುವ ಕಾರ್ಖಾನೆ ಇತ್ತು. ಹೊಲಿಯುವವರೆಲ್ಲ ಹೆಂಗಸರು. ಶೌಚಾಲಯಕ್ಕೆ ಬೀಗ. ಬೀಗದ ಕೈ ಸೂಪರ್‌ವೈಸರ್ ರೇವಣ್ಣನ ಜೇಬಿನಲ್ಲಿ. ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಕೇಳಿದರೆ, "ಮನೇಲೇ ಮುಗಿಸ್ಕೊಂಡು ಬರೋಕೆ ಆಗಲ್ವಾ?" ಎಂದು ಎಲ್ಲರೆದುರು ಕೂಗುತ್ತಿದ್ದ. ಹಾಗೆ ಕೂಗಿಸಿಕೊಂಡವಳು ಎರಡನೇ ಸಲ ಕೇಳುತ್ತಾಳೆಯೇ?

ಕಾಲರ್ ಹೊಲಿಯುವ ಜಯಶೀಲ ಒಂದು ಉಪಾಯ ಕಂಡುಕೊಂಡಳು. ಬೆಳಿಗ್ಗೆಯಿಂದ ನೀರೇ ಮುಟ್ಟುತ್ತಿರಲಿಲ್ಲ. ಊಟಕ್ಕೂ ಒಂದೇ ಗುಟುಕು. ಮಿಷನ್ ಬಿಟ್ಟು ಏಳುವ ಮಾತೇ ಇಲ್ಲ.

"ಜಯಶೀಲನ್ನ ನೋಡಿ ಕಲೀರಿ" ಎಂದ ರೇವಣ್ಣ. ಅವಳಿಗೆ ಹೆಮ್ಮೆಯಾಯಿತು. ಉಳಿದವರೂ ನೀರಿನ ಬಾಟಲಿ ತರುವುದನ್ನು ಬಿಟ್ಟರು.

ಪಕ್ಕದ ಮಿಷನ್ನಿನ ನಸೀಮಾ ಮಾತ್ರ, "ಏನಕ್ಕಾ, ಒಂಟೆ ವಂಶದವಳಾ ನೀನು?" ಎಂದು ಕಿಚಾಯಿಸುತ್ತಿದ್ದಳು.

"ಸುಮ್ನಿರೇ. ಅವನ ಕೈಲಿ ಅನ್ನಿಸ್ಕೊಳ್ಳೋದಕ್ಕಿಂತ ಬಾಯಾರಿಕೆ ವಾಸಿ."

ಜಯಶೀಲಳಿಗೆ ಉರಿಮೂತ್ರ ಬಂತು. ಹೋಯಿತು. ಮತ್ತೆ ಬಂತು. ಅವಳು ಯಾರಿಗೂ ಹೇಳಲಿಲ್ಲ. ಕೊನೆಗೆ ಚಳಿಜ್ವರ, ಪಕ್ಕೆಯ ಹಿಂದೆ ನೋವು. ನಸೀಮಾ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಅವಳ ಬೆನ್ನ ಮೇಲೆ, ಕೊನೆಯ ಪಕ್ಕೆಲುಬಿನ ಹತ್ತಿರ, ಎರಡೂ ಕೈ ಇಟ್ಟು ಹೇಳಿದರು: "ಇಲ್ಲಿವೆ ನೋಡಮ್ಮ ಮೂತ್ರಪಿಂಡಗಳು, ಬೆನ್ನುಮೂಳೆಯ ಆಚೆಗೊಂದು, ಈಚೆಗೊಂದು. ಅಲಸಂದೆ ಕಾಳಿನ ಆಕಾರ, ನಿನ್ನ ಮುಷ್ಟಿಯಷ್ಟು ದೊಡ್ಡದು. ಒಂದೊಂದರ ಒಳಗೂ ಕಣ್ಣಿಗೆ ಕಾಣದ ಲಕ್ಷಾಂತರ ಜರಡಿ. ಮೈಯ ರಕ್ತವೆಲ್ಲ ದಿನಕ್ಕೆ ಎಷ್ಟೋ ಸಲ ಅಲ್ಲಿ ಸೋಸಿ ಬರುತ್ತೆ. ಬೇಕಾದ ನೀರು, ಉಪ್ಪು, ಸಕ್ಕರೆ ಎಲ್ಲ ವಾಪಸ್ ರಕ್ತಕ್ಕೆ. ಬೇಡದ್ದು ಮಾತ್ರ ಮೂತ್ರವಾಗಿ ಸಣ್ಣ ನಾಳದಲ್ಲಿ ಇಳಿದು ಕೆಳಗಿನ ಚೀಲ ಸೇರುತ್ತೆ. ನೀನು ನೀರೂ ಕೊಡಲಿಲ್ಲ, ಚೀಲ ತುಂಬಿದರೂ ಬಿಡಲಿಲ್ಲ. ಸೋಂಕು ಮೇಲಕ್ಕೆ ಹತ್ತಿದೆ. ಒಂದು ಸೊರಗಿಹೋಗಿದೆ. ಅದರ ಕೆಲಸವನ್ನೂ ಇನ್ನೊಂದೇ ಮಾಡ್ತಿದೆ."

"ನಂಗೆ ಗೊತ್ತೇ ಆಗಲಿಲ್ವಲ್ಲ, ಡಾಕ್ಟರೇ?"

"ಅವು ದೂರು ಹೇಳಲ್ಲಮ್ಮ. ಹೇಳೋ ಹೊತ್ತಿಗೆ ಬಹಳ ಕೆಟ್ಟಿರುತ್ತೆ. ಉಳಿದದ್ದನ್ನಾದರೂ ಉಳಿಸ್ಕೋ."

ಕೆಲಸಕ್ಕೆ ಮರಳಿದ ದಿನ ಜಯಶೀಲ ಎಲ್ಲರೆದುರು ಬಾಟಲಿ ಎತ್ತಿ ಕುಡಿದಳು. ಸ್ವಲ್ಪ ಹೊತ್ತಿಗೆ ಎದ್ದು ಬೀಗದ ಕೈ ಕೇಳಿದಳು.

"ನೀನೂನಾ?" ಎಂದ ರೇವಣ್ಣ. "ಆಗದಿದ್ರೆ ಮನೇಲಿರು."

ಜಯಶೀಲ ಹೋಗಿ ಬಾಗಿಲ ಮುಂದೆ ನಿಂತಳು. ನಸೀಮಾ ಮಿಷನ್ ನಿಲ್ಲಿಸಿ, "ನಂಗೂ ಅವಸರ ಅಣ್ಣಾ" ಎಂದು ಅವಳ ಪಕ್ಕ ನಿಂತಳು. ಉಳಿದವರು ತಲೆ ಎತ್ತಲಿಲ್ಲ. ಅವರೂ ತಡೆದುಕೊಂಡು ಕೂತವರೇ.

ರೇವಣ್ಣ ಗೊಣಗುತ್ತಾ ಬೀಗ ತೆಗೆದ. ಎದ್ದವರು ಇಬ್ಬರೇ ತಾನೇ, ತೆಗೆದುಹಾಕುವುದು ಸುಲಭ. ಮರುದಿನ ಆ ಇಬ್ಬರಿಗೂ ಕೆಲಸ ಇಲ್ಲ ಎಂದ. ಬಾಗಿಲಿಗೆ ಮತ್ತೆ ಬೀಗ ಬಿತ್ತು. ಜಯಶೀಲಳ ಜಾಗಕ್ಕೆ ಬಂದ ಹೊಸಬಳಿಗೆ ಅಕ್ಕಪಕ್ಕದವರು ಮೊದಲು ಹೇಳಿಕೊಟ್ಟದ್ದು ಇಷ್ಟು: "ಬೆಳಿಗ್ಗೆ ನೀರು ಕುಡಿದು ಬರಬೇಡ."

ನೀತಿ: ಒಂದು ಮೂತ್ರಪಿಂಡ ಸೋತರೆ ಇನ್ನೊಂದು ಅದರ ಭಾರ ಹೊರುತ್ತದೆ. ನಮ್ಮಲ್ಲಿ ಒಬ್ಬಳು ಎದ್ದರೆ ಉಳಿದವರು ತಲೆ ತಗ್ಗಿಸುತ್ತೇವೆ. ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ. ನಾಳೆ ಬಾಟಲಿ ತುಂಬಿಕೊಂಡು ಹೋಗಿ. ಎಲ್ಲರೆದುರು ಕುಡಿಯಿರಿ. ಆ ಬಾಗಿಲಿಗೆ ಬೀಗವಿದ್ದರೆ ಇಬ್ಬರಲ್ಲ, ಇಡೀ ಸಾಲು ಎದ್ದು ನಿಲ್ಲಿ.