ಇರುವೆಗೆ ಎಷ್ಟು ಕಾಲು

ಎರಡನೇ ತರಗತಿಯ ಕೋಳಿಮರಿಗಳು ಪಾಠ ಬಿಟ್ಟು ಮೂರು ದಿನದಿಂದ ಇರುವೆ ಸಾಲಿನ ಹಿಂದೆ ಬಿದ್ದಿದ್ದವು. ಅವುಗಳ ಜೊತೆ ಬಿಸಿಲಲ್ಲಿ ತಿರುಗಿ ತಿರುಗಿ ಟೀಚರ್ ಹೇಂಟೆಗೆ ಸುಸ್ತಾಗಿತ್ತು. ಅಷ್ಟರಲ್ಲಿ ಹುಂಜ ವರದಿಯ ಹಾಳೆ ಹಿಡಿದು ಶಾಲೆಯ ತಪಾಸಣೆಗೆ ಬಂತು.

“ಇರುವೆಗೆ ಎಷ್ಟು ಕಾಲು? ಮರಿಗಳಿಗೆ ಉತ್ತರ ಬಾರದಿದ್ದರೆ ನಿಮಗೆ ಊರಾಚೆಯ ತಿಪ್ಪೆಗೆ ವರ್ಗ, ಮೇಡಂ.”

“ತಡೀರಿ ಸರ್, ಮೂರು ದಿನದಿಂದ ಎಣಿಸ್ತಿದೀವಿ,” ಎಂದಿತು ಒಂದು ಮರಿ.

“ಮೂರು ದಿನದಿಂದಲೂ? ಪುಸ್ತಕದಲ್ಲೇ ಇದೆಯಲ್ಲೋ!”

“ಪುಸ್ತಕದ ಇರುವೆ ನಿಂತಿರುತ್ತೆ ಸರ್. ಇದು ಓಡುತ್ತೆ.”

“ಇಷ್ಟಕ್ಕೆ ಇಷ್ಟು ಗಲಾಟೆಯೇ!” ಎಂದು ಹುಂಜ ಬಗ್ಗಿತು. ನಾಲ್ಕು ಎಣಿಸುವಷ್ಟರಲ್ಲಿ ಇರುವೆ ಓಡಿತು. “ಅಡ್ಡ ಹಾಕ್ರೋ ಅದನ್ನ!” ಎನ್ನುತ್ತಾ ವರದಿಯನ್ನು ಅಲ್ಲೇ ಬಿಸಾಡಿ ತಾನೂ ಬೆನ್ನಟ್ಟಿತು.

ಹೇಂಟೆ ಆ ವರದಿಯ ಮೇಲೆ, ಕಾವಿಗೆ ಕೂತ ಹಾಗೆ, ಕೂತುಬಿಟ್ಟಿತು.